ಕೈಗವಸಿನ ಅಳತೆ

"ನಿಲ್ಲಿ, ಗೋಡೆಗೆ ತಾಗುತ್ತೆ," ಎಂದ ಉದ್ದಣ್ಣ.

ಮೆಟ್ಟಿಲ ತಿರುವಿನಲ್ಲಿ ಅಪ್ಪನ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮುಂದಿನ ಹಿಡಿಕೆಗಳನ್ನು ಚಿಕ್ಕಪ್ಪ ಮತ್ತು ಕಾರ್ಖಾನೆಯಲ್ಲಿ ಅಪ್ಪನ ಜೊತೆ ದುಡಿದಿದ್ದ ಉದ್ದಣ್ಣ ಹಿಡಿದಿದ್ದರು. ಹಿಂದೆ ಮಗಳು, ಅವಳ ಪಕ್ಕ ಪಾಲಿಷ್ ವಿಭಾಗದಲ್ಲಿ ಜೊತೆಗೆ ದುಡಿಯುವ ಗುಂಡ.

"ಬದುಕಿದ್ದಾಗಲೂ ಹೀಗೇ. ಕರೆದರೆ ಸುಮ್ಮನೆ ಬರೋ ಆಸಾಮಿಯೇ ಅಲ್ಲ," ಎಂದ ಚಿಕ್ಕಪ್ಪ.

"ಕಾರ್ಖಾನೆಯೋರು ಕರೆದಾಗ ಮಾತ್ರ ಓಡಿದ," ಎಂದ ಉದ್ದಣ್ಣ.

*

ಅಪ್ಪ ಫ್ರಿಜ್ಜಿನ ಬಾಗಿಲುಗಳಿಗೆ ಬಣ್ಣ ಸಿಂಪಡಿಸುತ್ತಿದ್ದ. ಕಾರ್ಖಾನೆಯವರು ಅವನಿಗೆ ತಂತಿಗಳ ಕೈಗವಸು ತೊಡಿಸಿ, ಅವನ ಮಣಿಕಟ್ಟು ತಿರುಗಿದ್ದನ್ನೆಲ್ಲ ಯಂತ್ರಕ್ಕೆ ಕಲಿಸಿದರು. "ಅಷ್ಟು ಜನರಲ್ಲಿ ನನ್ನ ಕೈನೇ ಆರಿಸಿದ್ರು ಕಣೇ," ಎಂದು ಬೀಗಿದ್ದ. ನಡುವೆ ಒಮ್ಮೆ ಕೆಮ್ಮು ಬಂದು ಮೊಣಕೈ ಕುಗ್ಗಿತ್ತು. ಅದನ್ನು ಯಾರೂ ಅಳಿಸಲಿಲ್ಲ. ಯಂತ್ರವೂ ಪ್ರತಿ ಬಾಗಿಲಿನ ನಡುವೆ ಗಕ್ಕನೆ ನಿಂತು ಮೊಣಕೈ ಕುಗ್ಗಿಸತೊಡಗಿತು.

"ಅಯ್ಯೋ ಪಾಪ, ಕಬ್ಬಿಣಕ್ಕೂ ಕೆಮ್ಮು ಹತ್ತಿದೆ ನೋಡ್ರೋ," ಎಂದು ಉದ್ದಣ್ಣ ಎಲ್ಲರನ್ನೂ ನಗಿಸಿದ್ದ. ಕೆಲವೇ ದಿನಗಳಲ್ಲಿ ಉದ್ದಣ್ಣನನ್ನೂ ಉಳಿದ ಬಣ್ಣದವರನ್ನೂ ಮನೆಗೆ ಕಳಿಸಿದರು. ಯಂತ್ರದ ಮೂತಿ ಒರೆಸಲು ಅಪ್ಪನೊಬ್ಬ ಉಳಿದ. ಊಟದ ಹೊತ್ತಿನಲ್ಲಿ ಅವನ ಬೆಂಚಿಗೆ ಯಾರೂ ಬರುತ್ತಿರಲಿಲ್ಲ. ಮಗಳೂ ದೂರವೇ ಕೂರುತ್ತಿದ್ದಳು.

*

ಮೆಟ್ಟಿಲಲ್ಲಿ ಹಿಂದೆಯೇ ಇಳಿಯುತ್ತಿದ್ದ ಕಾರ್ಖಾನೆಯ ಸೂಪರ್‌ವೈಸರ್ ಮಗಳ ಕಿವಿಯ ಬಳಿ ಬಗ್ಗಿದ.

"ಇದು ಹೇಳೋ ಹೊತ್ತಲ್ಲ, ಗೊತ್ತು. ಸೋಮವಾರ ನಿಮ್ಮ ವಿಭಾಗದಲ್ಲೂ ಯಂತ್ರಕ್ಕೆ ಕಲಿಸೋದು ಶುರುವಾಗುತ್ತೆ. ನಿಮ್ಮಪ್ಪನ ಹಾಗೇ ನಿನ್ನದೂ ಒಳ್ಳೇ ಕೈ. ಕೈಗವಸು ಹಾಕ್ಕೊಂಡ್ರೆ ನಿನ್ನ ಕೆಲಸಕ್ಕೇನೂ ಆಗಲ್ಲ."

"ಉಳಿದೋರಿಗೆ?"

"ಅದು ನಿನಗ್ಯಾಕಮ್ಮ?"

ಮನೆಯಲ್ಲಿ ಇನ್ನು ದುಡಿಯುವವಳು ಅವಳೊಬ್ಬಳೇ. ಗುಂಡ ಗೋಡೆ ನೋಡುತ್ತಿದ್ದ, ಆದರೆ ಕಿವಿಯೆಲ್ಲ ಇತ್ತಲೇ ಇತ್ತು.

"ನಾನು ಹಾಕ್ಕೊಳ್ಳಲ್ಲ ಸರ್."

ಅವನು ಸಿಟ್ಟಾಗಲಿಲ್ಲ. ಮೆಲ್ಲಗೆ ಸರಿದು ಗುಂಡನ ಹಿಂದೆ ನಿಂತ.

"ನಿನ್ನ ಕೈ ಯಾವ ಅಳತೆದಪ್ಪ?"

"ಏನು ಮಾಡ್ತಿದೀರಿ ಮೇಲೆ? ಎತ್ತಿ, ಇಳಿಯೋಣ," ಎಂದು ಕೆಳಗಿನಿಂದ ಉದ್ದಣ್ಣ ಗದರಿದ.

ಗುಂಡ ಆಗಲ್ಲ ಅನ್ನಲಿಲ್ಲ. ಹಿಡಿಕೆಯ ಸುತ್ತ ಅವನ ಬೆರಳುಗಳು ಸಡಿಲಾದವು. ಪೆಟ್ಟಿಗೆಯ ಆ ಮೂಲೆ ಕುಸಿಯಿತು. ಒಳಗೆ ಅಪ್ಪ ಅತ್ತ ಕಡೆಗೆ ಸರಿದ ಸದ್ದು ಅವಳಿಗೆ ಕೇಳಿಸಿತು.