ಬಣ್ಣದ ಲಕೋಟೆಗಳ ಡಬ್ಬಿ

ನವೆಂಬರ್ ಕೊನೆಯ ವಾರ, ಬೆಳಗಿನ ಒಂಬತ್ತರ ಸುಮಾರು. ಡ್ಯಾನ್ಯೂಬ್ ನದಿಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಗೆರಾಸಿಮ್ ಬಚ್ಚಲಿನ ತೊಟ್ಟಿಗೆ ಉಗುರುಬೆಚ್ಚಗಿನ ನೀರು ಬಿಟ್ಟು, ಮೊಣಕೈ ಅದ್ದಿ ನೋಡಿ, ಮೊದಲನೆಯ ಶೂ ಡಬ್ಬಿಯನ್ನು ಬೋರಲು ಹಾಕಿದ. ಲಕೋಟೆಗಳಿಂದ ಹರಿದ ಮೂಲೆಗಳು, ಒಂದೊಂದರ ಮೇಲೂ ಒಂದೊಂದು ಅಂಚೆಚೀಟಿ, ನೀರಿನ ಮೇಲೆ ಹರಡಿಕೊಂಡವು. ಸ್ವಲ್ಪ ಹೊತ್ತು ತೇಲಿದವು. ಆಮೇಲೆ ಒಂದೊಂದಾಗಿ ಮುಳುಗಿದವು.

"ಈಗ್ಲೇ ಕೈ ಹಾಕ್ಬೇಡ," ಎಂದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಬೊಗೊಮಿಲ್. "ಗೋಂದು ತಾನಾಗೇ ಬಿಡ್ಬೇಕು. ನೀನು ಬಂದರಿನ ಕ್ರೇನಲ್ಲಿ ಕಬ್ಬಿಣ ಎತ್ತಿದವನು ಕಣಯ್ಯಾ, ಇದು ಚಿಟ್ಟೆ ರೆಕ್ಕೆ ಇದ್ದ ಹಾಗೆ."

"ಗಾಜಿನ ಸಾಮಾನೂ ಇಳಿಸಿದೀನಿ ಮೇಷ್ಟ್ರೇ. ಮೂವತ್ತೆಂಟು ವರ್ಷದಲ್ಲಿ ಒಂದೂ ಒಡೀಲಿಲ್ಲ."

"ಒಡೆದಿದ್ರೆ ನೀನು ಹೇಳ್ತಿದ್ಯಾ?"

ಡಬ್ಬಿಗಳು ಗೆರಾಸಿಮನವಲ್ಲ, ಅವನ ಹೆಂಡತಿ ನೆವೆನಾಳವು. ಲೋಮ್ ಊರಿನ ಅಂಚೆ ಕಚೇರಿಯಲ್ಲಿ ಎರಡನೇ ಕಿಟಕಿಯ ಹಿಂದೆ ಅವಳು ಮೂವತ್ತನಾಲ್ಕು ವರ್ಷ ಕೂತಿದ್ದಳು. ಹೊರದೇಶದಿಂದ ಕಾಗದ ಬಂದವರೆಲ್ಲ ಲಕೋಟೆಯ ಮೂಲೆ ಹರಿದು ಅವಳಿಗೆ ತಂದುಕೊಡುತ್ತಿದ್ದರು. ಹಡಗಿನಲ್ಲಿ ಕೆಲಸಕ್ಕೆ ಹೋದವರ ತಾಯಂದಿರು, ಲಿಬಿಯಾದಲ್ಲಿ ರಸ್ತೆ ಹಾಕಲು ಹೋದವರ ಹೆಂಡತಿಯರು, ಯಾರು ಯಾರೋ. ಹಾಗೆ ಕೂಡಿದ್ದು ನಲವತ್ತಾರು ಶೂ ಡಬ್ಬಿ. ಬೀರುವಿನ ಮೇಲೆ, ಮಂಚದ ಕೆಳಗೆ, ಬಾಲ್ಕನಿಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಎಲೆಕೋಸಿನ ಪೀಪಾಯಿ ಪಕ್ಕದಲ್ಲಿ. ದೇಶ ಅಂತಿಲ್ಲ, ಇಸವಿ ಅಂತಿಲ್ಲ. ಜಪಾನಿನ ಕೊಕ್ಕರೆಗೆ ಕ್ಯೂಬಾದ ಕಬ್ಬು ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರಾಗಿದ್ದ, ಊರಿನ ಅಂಚೆಚೀಟಿ ಸಂಘದ ಅಧ್ಯಕ್ಷ ಬೊಗೊಮಿಲ್ ಇಪ್ಪತ್ತು ವರ್ಷದಿಂದ ಇದನ್ನು ನೋಡಿ ಹೊಟ್ಟೆ ಉರಿಸಿಕೊಂಡವನು. "ಇಡೀ ಪ್ರಪಂಚಾನ ತಂದು ಹಂದಿಗೂಡಲ್ಲಿ ತುಂಬಿದೀಯಲ್ಲೇ ತಾಯಿ" ಅನ್ನುತ್ತಿದ್ದ. ನೆವೆನಾ ನಗುತ್ತಿದ್ದಳು. ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಅವಳು ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ನಡೆದಾಡುವಂತಾಗುವವರೆಗೆ, ಅಂದರೆ ಹೊಸ ವರ್ಷ ಕಳೆಯುವವರೆಗೆ, ವಿಡಿನ್‌ನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಬೀಳುವುದಕ್ಕೆ ಎರಡು ವರ್ಷ ಮೊದಲೇ ಮರೆವು ಶುರುವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು, ಬೀಗದ ಕೈ ಹಿಟ್ಟಿನ ಡಬ್ಬದಲ್ಲಿ ಸಿಗುತ್ತಿತ್ತು. ಡಾಕ್ಟರು ಕಾಯಿಲೆಯ ಹೆಸರು ಬರೆದುಕೊಟ್ಟ ಚೀಟಿಯನ್ನು ಗೆರಾಸಿಮ್ ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಟ್ಟವನು ಮತ್ತೆ ಬಿಚ್ಚಿರಲಿಲ್ಲ. ಆ ಎರಡು ವರ್ಷ ಅವಳು ಸಂಜೆಯಾದರೆ ಒಂದು ಡಬ್ಬಿ ಇಳಿಸಿಕೊಂಡು ಕೂರುತ್ತಿದ್ದಳು. ಒಂದೊಂದೇ ಮೂಲೆ ಎತ್ತುವಳು, ತಿರುಗಿಸಿ ಹಿಂಬದಿ ನೋಡುವಳು, ತುಟಿ ಅಲ್ಲಾಡಿಸುವಳು, ಮತ್ತೆ ಅಲ್ಲೇ ಇಡುವಳು. ಜೋಡಿಸಬೇಕು ಅಂತ ಆಸೆ, ಈಗ ಕೈಲಾಗುತ್ತಿಲ್ಲ ಪಾಪ, ಅಂದುಕೊಂಡ ಗೆರಾಸಿಮ್. ಅವಳು ಮನೆಗೆ ಬರುವುದರೊಳಗೆ ತಾನೇ ಜೋಡಿಸಿಟ್ಟು ಬೆರಗುಗೊಳಿಸಬೇಕು ಅಂತ ಮನಸ್ಸು ಮಾಡಿದ.

ನೀರಿನ ಆವಿಗೆ ಕನ್ನಡಕ ಮಸುಕಾಗುತ್ತಿತ್ತು. ತೆಗೆದು ಕಿಟಕಿಯ ಮೇಲಿಟ್ಟ.

"ಮೇಷ್ಟ್ರೇ, ಈ ಚೂರುಗಳ ಹಿಂದೆ ಏನೋ ಪೆನ್ಸಿಲಲ್ಲಿ ಗೀಚಿದಾಳೆ."

ಬೊಗೊಮಿಲ್ ಕುರ್ಚಿಯಿಂದ ಏಳಲಿಲ್ಲ. "ಗುಮಾಸ್ತೆಯರ ಚಾಳಿ. ತೂಕ, ನಂಬರು, ಅಂಥದ್ದೇನೋ ಇರತ್ತೆ. ಅದು ಬೇಡ. ಸ್ಟ್ಯಾಂಪಿನ ಬೆನ್ನು ಮಗುವಿನ ಬೆನ್ನಿನ ಹಾಗೆ ಚೊಕ್ಕಟ ಇರ್ಬೇಕು. ನೋಡು, ಬಣ್ಣದ ಲಕೋಟೆ ಚೂರು ಬಂದ್ರೆ ಮಾತ್ರ ನೀರಿಗೆ ಹಾಕ್ಬೇಡ. ಕೆಂಪು, ನೇರಳೆ ಎಲ್ಲ ಬಣ್ಣ ಬಿಡತ್ತೆ, ಒಂದು ಬಿದ್ರೆ ಇಡೀ ತೊಟ್ಟೀನೇ ಹಾಳು. ಅವನ್ನ ಬೇರೆ ತೆಗೆದಿಡು, ತಣ್ಣೀರಲ್ಲಿ ಕೊನೇಗೆ ನೋಡೋಣ."

ಗೆರಾಸಿಮ್ ಖಾಲಿ ಹಲ್ವಾ ಡಬ್ಬಿಯೊಂದನ್ನು ತಂದು ಬಣ್ಣದ ಚೂರುಗಳನ್ನು ಅದಕ್ಕೆ ಹಾಕುತ್ತ ಹೋದ.

ಡಿಸೆಂಬರ್ ಪೂರ್ತಿ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ಮೇಲೆ ಹಳೇ ಪತ್ರಿಕೆ ಹಾಸಿ, ಮುಖ ಕೆಳಗೆ ಮಾಡಿ ಅಂಚೆಚೀಟಿ ಒಣಹಾಕುವುದು. ಸುರುಳಿಯಾದವನ್ನು ದಪ್ಪ ಪುಸ್ತಕದಡಿ ಅದುಮುವುದು. ಚಿಮುಟದಿಂದ ಎತ್ತಿ, ಅಂಚಿನ ಹಲ್ಲು ಎಣಿಸಿ, ಕೆಟಲಾಗು ನೋಡಿ, ಆಲ್ಬಮಿನ ಪಟ್ಟಿಯ ಹಿಂದೆ ಸಿಕ್ಕಿಸುವುದು. ಅಫ್ಘಾನಿಸ್ತಾನದಿಂದ ಶುರು. ಯುಗೊಸ್ಲಾವಿಯ ಬಂದಾಗ, ಇಲ್ಲದ ದೇಶಕ್ಕೆ ಎರಡು ಆಲ್ಬಮ್ ಯಾಕೆ ಅಂತ ಗೆರಾಸಿಮ್ ಕೇಳಿದ. "ದೇಶ ಸಾಯತ್ತೆ, ಸ್ಟ್ಯಾಂಪು ಸಾಯಲ್ಲ," ಎಂದ ಬೊಗೊಮಿಲ್, ಹಣ್ಣಿನ ಸಾರಾಯಿ ರಾಕಿಯಾ ಗುಟುಕರಿಸುತ್ತ.

ನೆನೆದ ಕಾಗದ ರಾಶಿ ರಾಶಿ ಉಳಿಯುತ್ತಿತ್ತು. ಗೆರಾಸಿಮ್ ಅದನ್ನು ಹಿಂಡಿ ಉಂಡೆ ಕಟ್ಟಿ ಒಲೆಯ ಪಕ್ಕ ಒಣಗಿಸುವನು. ಚೆನ್ನಾಗಿ ಹತ್ತಿಕೊಳ್ಳುತ್ತಿತ್ತು. ಆ ಚಳಿಗಾಲ ಒಲೆ ಹೊತ್ತಿಸಲು ಅವನು ಚಕ್ಕೆ ಸೀಳಲೇ ಇಲ್ಲ.

ಜನವರಿ ಹನ್ನೆರಡಕ್ಕೆ ನೆವೆನಾ ಊರುಗೋಲು ಹಿಡಿದು ಮನೆಗೆ ಬಂದಳು. ಗೋಡೆಯುದ್ದಕ್ಕೂ ಮೂವತ್ತೊಂದು ಆಲ್ಬಮ್, ಬೆನ್ನ ಮೇಲೆ ದೇಶದ ಹೆಸರು, ಮೇಷ್ಟರ ಮುದ್ದಾದ ಅಕ್ಷರ. ಬೊಗೊಮಿಲ್ ಟೈ ಕಟ್ಟಿಕೊಂಡು ಬಂದಿದ್ದ.

"ಇದೆಲ್ಲ ನೀನು ಮಾಡಿದ್ದಾ ಗೆರೋ?"

"ಮೇಷ್ಟ್ರು ಕೂತ್ಕೊಂಡು ಬೈತಿದ್ರು. ನಾನು ಮಾಡ್ದೆ."

ಅವಳು ಒಂದು ಆಲ್ಬಮ್ ತೆರೆದಳು. ಕಣ್ಣು ಅರಳಿತು. ಅಂದವಾಗಿಯೇ ಇತ್ತಲ್ಲ. ಆಮೇಲೆ ಚಿಮುಟ ತೆಗೆದುಕೊಂಡು ಒಂದನ್ನು ಎಳೆದು, ತಿರುಗಿಸಿ ನೋಡಿದಳು. ಹಿಂದೆ ಬಿಳಿ. ಇನ್ನೊಂದು ಎಳೆದಳು. ಬಿಳಿ. ಇನ್ನೊಂದು.

"ಕಾಗದ ಎಲ್ಲಿ?" ಎಂದಳು.

"ಯಾವ ಕಾಗದ, ನೆವೇ?"

"ಇದರ ಕಾಗದ. ನಾನು ಬರೆದದ್ದು."

ಗೆರಾಸಿಮ್ ಒಲೆಯ ಕಡೆ ನೋಡಿದ. ಅವಳೂ ಅತ್ತ ನೋಡಿದಳು. ಆಲ್ಬಮ್ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟಳು.

"ಅಮ್ಮ ಕೊನೇಗೆ ನನ್ನೇ ಯಾರ ಮಗಳಮ್ಮ ನೀನು ಅಂತ ಕೇಳಿದ್ಲು," ಎಂದಳು. "ಅಜ್ಜಿಗೂ ಹಂಗೇ ಆಗಿತ್ತಂತೆ. ನಂಗೂ ಬರತ್ತೆ ಅಂತ ಇಪ್ಪತ್ತಾರನೇ ವಯಸ್ಸಲ್ಲೇ ಗೊತ್ತಿತ್ತು. ಯಾರು ತಂದ್ರು, ಅವತ್ತು ಏನಾಯ್ತು, ಒಂದೊಂದು ಸಾಲು ಬರೆದಿಡ್ತಿದ್ದೆ. ಪುಸ್ತಕದಲ್ಲಿ ಬರೆದ್ರೆ ಯಾರಾದ್ರೂ ಓದಿ ಅಯ್ಯೋ ಅಂತಾರೆ. ಸ್ಟ್ಯಾಂಪಿನ ಹಿಂದೆ ಯಾರು ನೋಡ್ತಾರೆ?"

"ತಪ್ಪು ನಂದು," ಎಂದ ಬೊಗೊಮಿಲ್. ಟೋಪಿ ಹುಡುಕಿಕೊಂಡು ಹೊರಟುಹೋದ. ತಿಂಗಳ ಮೇಲಾದರೂ ಆ ಕಡೆ ಸುಳಿಯಲಿಲ್ಲ.

ಗೆರಾಸಿಮನಿಗೆ ಹಲ್ವಾ ಡಬ್ಬಿ ನೆನಪಾದದ್ದು ಮಾರನೆಯ ದಿನ. ಓಡಿಹೋಗಿ ತಂದ. ಒಳಗೆ ಹತ್ತೊಂಬತ್ತು ಚೂರು ಇದ್ದವು. ಕನ್ನಡಕ ಹಾಕಿಕೊಂಡು, ಮೊದಲ ಸಲ, ಅವಳ ಅಕ್ಷರವನ್ನು ಕೂಡಿಸಿ ಕೂಡಿಸಿ ಓದಿದ.

"ಚಿಲಿ. ಸ್ಟೊಯಾಂಕಾ ಅಜ್ಜಿ. ಮಗನ ಕಾಗದ ನಾನೇ ಓದಿ ಹೇಳಿದೆ. ಒಂದು ಸಾಲು ಬಿಟ್ಟೆ."

"ಹ್ಞಾಂ!" ನೆವೆನಾ ನಕ್ಕಳು. "ಅಲ್ಲೇ ಮದುವೆ ಆದೆ, ಬರಲ್ಲ ಅಂತ ಬರೆದಿದ್ದ, ಹಾಳಾದವನು. ಅಜ್ಜಿ ಖುಷಿಯಾಗಿ ಎರಡು ಸೇಬು ಕೊಟ್ಟು ಹೋಯ್ತು. ಓದು, ಇನ್ನೊಂದು ಓದು."

"ಘಾನಾ. ಡಾಕ್ಟರಿಕೆ ಓದೋ ಹುಡುಗ. ಹಿಮ ನೋಡಿ ಕಿಟಕಿ ಮುಂದೆ ಅತ್ತ. ನಾನೂ."

ಹತ್ತೊಂಬತ್ತನ್ನೂ ಓದಿದ. ಒಂದೊಂದಕ್ಕೂ ಅವಳು ಕಥೆ ಹೇಳಿದಳು. ಯಾರ ಕೋಟಿಗೆ ಯಾವ ಗುಂಡಿ ಇರಲಿಲ್ಲ ಅನ್ನುವುದೂ ಅವಳಿಗೆ ನೆನಪಿತ್ತು. ಚೂರು ಕೈಯಲ್ಲಿ ಇರುವಷ್ಟು ಹೊತ್ತು ಎಲ್ಲ ಇತ್ತು. ಗೆರಾಸಿಮನ ಹೆಸರಿದ್ದ ಚೂರು ಮಾತ್ರ ಅದರಲ್ಲಿ ಇರಲಿಲ್ಲ. ಅವನು ತಂದದ್ದೆಲ್ಲ ಬಿಳಿ ಲಕೋಟೆಯ ಚೂರು, ಎಲ್ಲ ನೀರಿಗೆ ಹೋಗಿದ್ದವು. ಮದುವೆಗೆ ಮೊದಲು ಒಂದು ವರ್ಷ, ಪ್ರತಿ ಶುಕ್ರವಾರ, ಬಂದರಿನ ನಾವಿಕರನ್ನು ಕಾಡಿಬೇಡಿ ಒಂದು ಅಂಚೆಚೀಟಿ ಹಿಡಿದುಕೊಂಡು ಅವನು ಎರಡನೇ ಕಿಟಕಿಯ ಸಾಲಿನಲ್ಲಿ ನಿಲ್ಲುತ್ತಿದ್ದ.

"ನಾನು ಮೊದಲ್ನೇ ಸಲ ಬಂದಾಗ," ಎಂದ ಮೆಲ್ಲಗೆ, "ನನ್ನ ಬಗ್ಗೆ ಏನು ಬರ್ದಿದ್ದೆ, ನೆವೇ?"

ಅವಳು ಡಬ್ಬಿಯ ಚೂರುಗಳನ್ನು ಇನ್ನೊಮ್ಮೆ ತಿರುವಿ ನೋಡಿದಳು.

"ನೆನಪಿಲ್ಲ ಗೆರೋ. ಅದಕ್ಕೇ ಬರೆದಿಟ್ಟಿದ್ದು."

ಆಮೇಲೆ ಬೇಗ ಬೇಗ ಆಯಿತು. ಹತ್ತೊಂಬತ್ತು ಚೂರನ್ನು ದಿನಾ ಓದಿಸಿಕೊಳ್ಳುವಳು. ಅವುಗಳೊಳಗಿನ ಜನ ಗಟ್ಟಿಯಾಗುತ್ತ ಹೋದರು, ಉಳಿದವರು ತೆಳ್ಳಗಾಗುತ್ತ ಹೋದರು. ನೆನಪಿನಿಂದ ಪಕ್ಕದ ಮನೆಯವರು ಹೋದರು, ಅವಳ ಸ್ವಂತ ತಂಗಿ ಹೋದಳು. ಫೆಬ್ರುವರಿಯಲ್ಲಿ ಗೆರಾಸಿಮ್ ಮೊದಲ ಆಲ್ಬಮಿನಿಂದ ಅರ್ಜೆಂಟೀನಾದ ಒಂದು ಕುದುರೆ ಚಿತ್ರದ ಅಂಚೆಚೀಟಿ ಹುಡುಕಿ ತೆಗೆದ. ಅವನು ಅವಳಿಗೆ ಕೊಟ್ಟ ಮೊದಲನೆಯದು ಅದೇ. ಜೇಬಿನಲ್ಲಿದ್ದಾಗ ಕ್ರೇನಿನ ಸರಪಳಿ ತಗಲಿ ಮೂಲೆ ಹರಿದಿತ್ತು, ಅದರಿಂದ ಗುರುತು ಸಿಕ್ಕಿತು. ಬಿಳಿ ಕಾಗದಕ್ಕೆ ಅಂಟಿಸಿ ಹಿಂದೆ ಪೆನ್ಸಿಲಿನಲ್ಲಿ ಬರೆದ: "ಗೆರಾಸಿಮ್, ಕ್ರೇನಿನವನು, ತಂದುಕೊಟ್ಟ." ಬರೆಯುವುದು ಅವನಿಗೆ ರೂಢಿಯಿಲ್ಲ, ಮೂರು ಸಲ ಬರೆಯಬೇಕಾಯಿತು. ಅದನ್ನು ಉಳಿದವುಗಳ ನಡುವೆ ಇಟ್ಟ.

ನೆವೆನಾ ಎತ್ತಿ ನೋಡಿದಳು.

"ಇದು ನನ್ನ ಅಕ್ಷರ ಅಲ್ಲ."

"ಅಲ್ಲ. ನಾನು ಬರೆದೆ."

ಅವಳು ಅದನ್ನು ಜೋಪಾನವಾಗಿ ಹಿಂದಕ್ಕೆ ಕೊಟ್ಟಳು. "ಬೇಜಾರು ಮಾಡ್ಕೋಬೇಡ," ಎಂದಳು.

ಮಾರ್ಚ್ ಒಂದಕ್ಕೆ, ಪ್ರತಿ ವರ್ಷದ ಹಾಗೆ, ಗೆರಾಸಿಮ್ ಅವಳ ಮಣಿಕಟ್ಟಿಗೆ ವಸಂತದ ಶುಭಕ್ಕೆಂದು ಕೆಂಪು ಬಿಳಿ ದಾರ ಕಟ್ಟಿದಾಗ, "ನಿಮಗೆ ಯಾಕೆ ತೊಂದ್ರೆ" ಎಂದಳು. ಐವತ್ತು ವರ್ಷದ ಸಂಸಾರದಲ್ಲಿ ಅವನನ್ನು ಅವಳು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಆ ವಾರ ಎರಡು ಸಲ, ಬೆಳಗಾಗುವ ಮೊದಲೇ ಎದ್ದು, ಊರುಗೋಲಿಲ್ಲದೆ, ಅಂಚೆ ಕಚೇರಿಯ ಕಿಟಕಿ ತೆರೆಯಲು ಹೊತ್ತಾಯಿತು ಅಂತ ಮಂಜುಗಡ್ಡೆಯ ಬೀದಿಗೆ ಇಳಿದಳು. ಎರಡನೆಯ ಸಲ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ. ಆದರೆ ಎತ್ತಲು ಗೆರಾಸಿಮನ ಕೈಲಿ ಆಗಲಿಲ್ಲ, ಬೀದಿಯವರು ಬಂದು ಎತ್ತಿದರು. ಡಾಕ್ಟರು ವಿಡಿನ್ ದಾರಿಯಲ್ಲಿರುವ ವೃದ್ಧಾಶ್ರಮಕ್ಕೆ ಬರೆದುಕೊಟ್ಟರು. ಹೆಂಗಸರ ವಿಭಾಗ, ಗಂಡಸರು ಭಾನುವಾರ ಬಂದು ನೋಡಬಹುದು.

ಹೊರಡುವ ದಿನ ಆಶ್ರಮದ ಗಾಡಿ ಹತ್ತಕ್ಕೆ ಬರಬೇಕಿತ್ತು. ಅವಳು ಕೋಟು ಹಾಕಿಕೊಂಡು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದಳು, ತೊಡೆಯ ಮೇಲೆ ಹಲ್ವಾ ಡಬ್ಬಿ. ಬೊಗೊಮಿಲ್ ಬಂದು ಟೋಪಿ ಕೈಯಲ್ಲಿ ಹಿಡಿದು ಗೇಟಿನ ಹೊರಗೇ ನಿಂತಿದ್ದ. ಗೆರಾಸಿಮ್ ನೆಲದ ಮೇಲೆ ಕೂತು ಅವಳ ಬೂಟಿನ ದಾರ ಕಟ್ಟುತ್ತಿದ್ದ.

"ನಿಮಗೆ ಹೊರದೇಶದಿಂದ ಯಾರಾದ್ರೂ ಕಾಗದ ಬರೀತಾರಾ?" ಎಂದಳು. ಕಿಟಕಿಯ ಹಿಂದಿನ ದನಿ, ಸ್ಪಷ್ಟ, ಸ್ವಲ್ಪ ಆತುರದ್ದು. "ಬರೆದ್ರೆ ಸ್ಟ್ಯಾಂಪು ಎಸೀಬೇಡಿ. ನನಗೆ ತಂದ್ಕೊಡಿ. ಎರಡನೇ ಕಿಟಕಿ."

ಗೆರಾಸಿಮ್ ಒಂದು ಬೂಟಿನ ದಾರ ಹಾಗೇ ಬಿಟ್ಟು ಎದ್ದು ಒಳಗೆ ಹೋದ. ತಾನು ಬರೆದಿದ್ದ ಬಿಳಿ ಕಾಗದವನ್ನು ತಣ್ಣೀರಿನಲ್ಲಿ ಬಿಡಿಸಿ, ಕುದುರೆಯನ್ನು ಅಂಗೈಯಲ್ಲಿ ಒರೆಸಿಕೊಂಡು ತಂದ.

"ಇದೊಂದಿದೆ."

"ಮೂಲೆ ಹರಿದಿದೆಯಲ್ಲ," ಎಂದಳು. "ಪರವಾಗಿಲ್ಲ." ಡಬ್ಬಿಯ ಮುಚ್ಚಳ ತೆಗೆದು, ಕೆಂಪು ಲಕೋಟೆಯ ಚೂರೊಂದನ್ನು ಅಡ್ಡಕ್ಕೆ ಹರಿದು, ಹಸಿ ಅಂಚೆಚೀಟಿಯನ್ನು ಅದರ ಮೇಲೆ ಒತ್ತಿದಳು. ಕೋಟಿನ ಜೇಬಿನಲ್ಲಿ ಪೆನ್ಸಿಲು ಇತ್ತು. "ಹೆಸರು?"

"ಗೆರಾಸಿಮ್."

ತಿರುಗಿಸಿ ಬರೆದಳು. ಹೆಸರು ಮುಗಿದ ಮೇಲೂ ಕೈ ನಿಲ್ಲಲಿಲ್ಲ. ತಲೆಯೆತ್ತಿ ಅವನನ್ನೊಮ್ಮೆ ನೋಡಿದಳು, ಅವನ ಒದ್ದೆ ಕೈ ನೋಡಿದಳು, ಮತ್ತೆ ಬಗ್ಗಿ ಒಂದು ಸಾಲು ಬರೆದಳು. ಕಿಟಕಿಯ ಗುಮಾಸ್ತೆಯರು ಮಾಡುವ ಹಾಗೆ, ಕಾಣದಂತೆ ಎಡಗೈ ಅಡ್ಡ ಹಿಡಿದಿದ್ದಳು. ಗೆರಾಸಿಮನ ಕನ್ನಡಕ ಒಳಗೆ ಬಚ್ಚಲ ಕಿಟಕಿಯ ಮೇಲಿತ್ತು. ಅವಳು ಚೂರನ್ನು ಉಳಿದವುಗಳ ಜೊತೆ ಹಾಕಿ ಮುಚ್ಚಳ ಒತ್ತಿದಳು. ಹೊರಗೆ ಗಾಡಿಯ ಸದ್ದಾಯಿತು.

ನೆವೆನಾ ಮನೆ ಬಿಟ್ಟು ಹೋದದ್ದು ಮಾರ್ಚ್ ಹದಿನಾಲ್ಕು, ಮಂಗಳವಾರ. ಗಾಡಿ ತಿರುವು ದಾಟುವಾಗಲೂ ಅವಳ ಕೈ ಡಬ್ಬಿಯ ಮುಚ್ಚಳದ ಮೇಲೇ ಇತ್ತು.