ಅರವತ್ಮೂರನೆಯ ಎಳೆ

ಮಾಸೂರಿನ ಗುದ್ಲೆಪ್ಪ ಹಾನಗಲ್ ಕಡೆಯ ಇಟ್ಟಿಗೆ ಭಟ್ಟಿಯಿಂದ, ಕುದುರೆಗೂ ಕತ್ತೆಗೂ ಹುಟ್ಟಿದ ಹೆಣ್ಣು ಹೇಸರಗತ್ತೆಯೊಂದನ್ನು ಕೊಂಡು ತಂದು ಎರಡು ವರ್ಷವಾಗಿತ್ತು. ಎಷ್ಟು ಹೇರಿದರೂ ಜಗ್ಗದ ಪ್ರಾಣಿ. ಆದರೆ ಮರಿ ಮಾತ್ರ ಹಾಕಲೊಲ್ಲದು. ಹಂಸಭಾವಿಯ ಗಂಡು ಕುದುರೆಯ ಹತ್ತಿರ ಮೂರು ಸಲ ಹೊಡೆದುಕೊಂಡು ಹೋಗಿದ್ದ, ಮೂರು ಸಲವೂ ದಂಡ. ಪ್ರತಿ ಸಲ ಬೈಗುಳ ಬಿದ್ದದ್ದು ಹಿತ್ತಲಲ್ಲಿದ್ದ ಹೇಸರಗತ್ತೆಗಲ್ಲ, ಅಡುಗೆಮನೆಯಲ್ಲಿದ್ದ ಸೊಸೆ ಸುನಿತಾಳಿಗೆ.

"ಎರಡು ಜಾತಿ ಕೂಡಿದ್ರ ಹಿಂಗ ಆಕ್ಕೈತಿ. ಹೊರಗೊಂದು, ಒಳಗೊಂದು," ಎನ್ನುತ್ತಿದ್ದಳು ಅತ್ತೆ ಸಾವಂತ್ರವ್ವ.

ಸುನಿತಾ ಬೇರೆ ಜಾತಿಯವಳು. ಗುದ್ಲೆಪ್ಪನ ಮಗ ಸಾಗರನನ್ನು ಮೆಚ್ಚಿ ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿರಲಿಲ್ಲ. ಹಾವೇರಿಯ ದವಾಖಾನೆಗೆ ಒಬ್ಬಳೇ ಹೋಗಿ ಎಲ್ಲ ತಪಾಸಣೆ ಮಾಡಿಸಿಕೊಂಡಿದ್ದಳು. ನಿನ್ನಲ್ಲಿ ದೋಷವಿಲ್ಲ, ಗಂಡನನ್ನು ಕರೆದುಕೊಂಡು ಬಾ ಎಂದಿದ್ದರು. ಸಾಗರ 'ನಾಳೆ' ಎಂದ. ಆ ನಾಳೆಗೆ ಈಗ ಎರಡು ವರ್ಷ ತುಂಬಿತ್ತು. ರಿಪೋರ್ಟು ತೋರಿಸಿದರೆ "ಕಾಗದಕ್ಕೇನು ಗೊತ್ತು" ಎಂದು ಅತ್ತೆ ಮುಖ ತಿರುವಿದ್ದಳು. ಈಗ ಹೊಸ ಮಾತು ಹುಟ್ಟಿತ್ತು. ಯುಗಾದಿಯೊಳಗೆ ಏನೂ ಆಗದಿದ್ದರೆ ಇವಳು ತವರಿಗೆ, ಸಾಗರನಿಗೆ ತಮ್ಮವರೊಳಗೇ ಇನ್ನೊಂದು ಹೆಣ್ಣು. ಸುನಿತಾಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಆ ಮುಂಜಾನೆ ದನದ ಡಾಕ್ಟರು ಶೀಲಾ ಹೇಸರಗತ್ತೆಯ ಗೊರಸು ನೋಡಲು ಬಂದರು. ಗುದ್ಲೆಪ್ಪನಿಗೆ ಕೇಳದೆ ಇರಲಾಗಲಿಲ್ಲ. "ಗಬ್ಬ ನಿಲ್ಲವಲ್ದರಿ ಇದು. ಏನರ ಇಂಜೆಕ್ಷನ್ ಐತೇನ್ರಿ?"

"ಇಂಜೆಕ್ಷನ್ನಿಗೆ ಬಗ್ಗೂದಲ್ರೀ ಅದು," ಎಂದರು ಶೀಲಾ. "ಮೈಯಾಗ ಕಣ್ಣಿಗೆ ಕಾಣದಂಥ ಎಳಿ ಇರ್ತಾವು, ಕ್ರೋಮೋಸೋಮ್ ಅಂತಾರ. ಕುದುರಿಗೆ ಅರವತ್ನಾಕು, ಕತ್ತಿಗೆ ಅರವತ್ತೆರಡು. ಇದಕ್ಕ ಅವ್ವ ಕುದುರಿ ಕಡಿಂದ ಮೂವತ್ತೆರಡು, ಅಪ್ಪ ಕತ್ತಿ ಕಡಿಂದ ಮೂವತ್ತೊಂದು. ಒಟ್ಟು ಅರವತ್ಮೂರು. ತತ್ತಿ ಆಗಬೇಕಂದ್ರ ಎಳಿ ಜೋಡಿ ಜೋಡಿ ಕೂಡಬೇಕು. ಇದರಾಗ ಒಂದು ಒಂಟಿ ಉಳೀತೈತಿ, ಉಳಿದಾವೂ ಒಂದಕ್ಕೊಂದು ಹೊಂದಂಗಿಲ್ಲ. ಎಲ್ಲೋ ಅಪರೂಪಕ್ಕೊಂದು ಈದಿದ್ದೈತಿ, ಅದನ್ನ ನಂಬಿ ಕುಂದ್ರಬ್ಯಾಡ್ರಿ."

ಸಾವಂತ್ರವ್ವ ಗೆದ್ದವಳಂತೆ ಸೊಸೆಯ ಕಡೆ ತಿರುಗಿದಳು. "ಕೇಳಿದೇನು? ನಾ ಹೇಳಿದ್ದ ಹೇಳಾಕತ್ತಾರ."

ಸುನಿತಾ ಚಹಾದ ತಟ್ಟೆಯನ್ನು ಕುಕ್ಕಿದಳು. "ಮನಷ್ಯಾರಿಗೆ ಎಷ್ಟು ಎಳಿ ಇರ್ತಾವ್ರಿ ಮೇಡಂ? ನಮ್ಮ ಜಾತ್ಯಾಗ ಎಷ್ಟು, ಇವರ ಜಾತ್ಯಾಗ ಎಷ್ಟು?"

"ನಲವತ್ತಾರು. ಜಾತಿ ನೋಡಿ ಹೆಚ್ಚು ಕಡಿಮಿ ಆಗಂಗಿಲ್ಲ."

ಸಾವಂತ್ರವ್ವ ಇಷ್ಟಕ್ಕೆಲ್ಲ ಸೋಲುವವಳಲ್ಲ. ಆದರೆ ಸುನಿತಾ ಬಿಡಲಿಲ್ಲ. ಮದಗದ ಕೆರೆಯ ಕೆಳಗಿನ ಹೊಲಗಳಲ್ಲಿ ಬೀಜದ ಟೊಮ್ಯಾಟೊಗೆ ಕ್ರಾಸಿಂಗ್ ಮಾಡಿ ಹದಿನೆಂಟು ವರ್ಷ ಪಳಗಿದ ಕೈ ಅತ್ತೆಯದು. ಒಂದು ತಳಿಯ ಹೂವಿನ ಪರಾಗವನ್ನು, ಅಂದರೆ ಗಂಡು ಪುಡಿಯನ್ನು, ಇನ್ನೊಂದು ತಳಿಯ ಹೂವಿಗೆ ಮುಟ್ಟಿಸುವುದೇ ಆ ಕೆಲಸ.

"ಅತ್ತೀ, ನೀವು ಎರಡು ತಳಿ ಕೂಡಸ್ತೀರಲ್ಲ, ಕಾಯಿ ಕಟ್ಟಂಗಿಲ್ಲೇನು?"

"ಯಾಕ ಕಟ್ಟಂಗಿಲ್ಲ? ಎರಡೂ ಟೊಮ್ಯಾಟೊನ ಅಲ್ಲೇನು?"

"ಕಟ್ಟಲಿಲ್ಲಂದ್ರ ಮೊದಲ ಏನ್ ನೋಡ್ತೀರಿ?"

ಕೆಲಸದ ಮಾತು ಬಂದರೆ ಸಾವಂತ್ರವ್ವನಿಗೆ ಸುಳ್ಳು ಬರುವುದಿಲ್ಲ. "ಗಂಡಿನ ಪುಡಿ ನೋಡ್ತೇನಿ. ಕೆಟ್ಟೈತೇನಂತ," ಎಂದವಳು ಅಲ್ಲಿಗೇ ನಿಂತಳು. ಬಾಗಿಲಲ್ಲಿ ಸಾಗರ ನಿಂತಿದ್ದ. ಎಲ್ಲರೂ ಅವನನ್ನೇ ನೋಡಿದರು.

"ನನಗ ಕೆಲಸ ಐತಿ," ಎಂದು ಅವನು ಬೈಕಿನ ಕಡೆ ಹೊರಟ.

"ನಿಂದ್ರು," ಎಂದಳು ಸಾವಂತ್ರವ್ವ. ಸೊಸೆಯ ಮುಖ ಮಾತ್ರ ನೋಡಲಿಲ್ಲ. "ಇಕಿನ್ನ ಹತ್ತಿಸ್ಕೊ. ಸೀದಾ ಹಾವೇರಿಗೆ ಹೋಗು."

ಸುನಿತಾಳಿಗೆ ಸಮಾಧಾನವಾಗಬೇಕಿತ್ತು. ಸಿಟ್ಟು ಇನ್ನಷ್ಟು ಏರಿತು. ಎರಡು ವರ್ಷ ಬಾಯಿ ನೋಯುವಷ್ಟು ಹೇಳಿದ್ದಳು, ಕಾಗದ ತೋರಿಸಿದ್ದಳು, ಅತ್ತಿದ್ದಳು. ಈ ಮನೆಯವರಿಗೆ ಕಿವಿ ಬರಲು ಒಂದು ಹೇಸರಗತ್ತೆ ಬೇಕಾಯಿತು. ಬೈಕು ಹತ್ತಿದವಳು ಗಂಡನ ಹೆಗಲು ಹಿಡಿಯಲಿಲ್ಲ, ಹಿಂದಿನ ಕಬ್ಬಿಣದ ಸರಳು ಹಿಡಿದು ಕೂತಳು.