ಮನೆತನ ನೋಡಿ ಕೊಂಡ ಮನೆ

ವಾಡಿಯಲ್ಲಿ ಯಾರೇ ಪ್ಲಾಟು ಕೊಳ್ಳಲಿ, ಮೊದಲು ಭೀಮಶ್ಯಾನ ಕಟ್ಟೆಗೆ ಬಂದು ಕಾಗದ ತೋರಿಸಬೇಕು, ಆಮೇಲೆ ಮುಂದಿನ ಮಾತು. ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತನಾದ ಈ ಆಸಾಮಿ ಸ್ವಂತ ತಮ್ಮನ ಮಾತನ್ನೂ ಮುದ್ರೆ ಬೀಳದೆ ನಂಬಿದವನಲ್ಲ. ಮೂಲಪತ್ರ ಎಲ್ಲಿ, ವಾರಸುದಾರರೆಲ್ಲ ಸಹಿ ಹಾಕಿದ್ದಾರಾ, ಆಸ್ತಿಯ ಮೇಲೆ ಸಾಲಗೀಲ ಇದೆಯಾ ಎಂದು ಎದುರಿಗಿದ್ದವನ ಜೀವ ಹಿಂಡುತ್ತಿದ್ದ. ಸುತ್ತ ಹತ್ತೂರಲ್ಲಿ ಅವನು ಹೂಂ ಅಂದರೆ ಮುಗಿಯಿತು, ಆ ಜಾಗ ಚೊಕ್ಕ.

ಇಂಥ ಮನುಷ್ಯ ದುಬೈಯಲ್ಲಿ ಮನೆ ಕೊಳ್ಳುವಾಗ ಒಂದೇ ಒಂದು ಕಾಗದ ನೋಡಲಿಲ್ಲ.

ಮಗಳು ಕರುಣಾ ಅಲ್ಲಿ ನರ್ಸು. ಇಕ್ಕಟ್ಟಿನ ಕೋಣೆಯಲ್ಲಿ ಐದಾರು ಹುಡುಗಿಯರ ಜೊತೆ ಮಂಚದ ಮೇಲೆ ಮಂಚ ಹಾಕಿಕೊಂಡು ಮಲಗುತ್ತಿದ್ದಳು. ಮನೆ ಮಾರುತ್ತೇನೆಂದು ಮುಂದೆ ಬಂದವನು ಅಲ್ಲೇ ಕೆಲಸಕ್ಕಿದ್ದ ಉದಯಕುಮಾರ, ಗುಂಡಗುರ್ತಿಯವನು, ತಮ್ಮದೇ ಜನ.

"ಅಪ್ಪಾ, ಮನಿ ಯಾರ ಹೆಸರಿನ್ಯಾಗ ಅದ ಅಂತ ಇಲ್ಲಿನ ಕಚೇರಿಯಾಗ ನೋಡಸ್ತೀನಿ. ಭಾಳ ಹೊತ್ತೇನೂ ಹಿಡಿಯಲ್ಲ" ಎಂದಿದ್ದಳು ಕರುಣಾ.

"ನಮ್ಮವರಿಗೇ ಕಾಗದ ಕೇಳಿ ಮಾನ ಕಳೀತಿ ಏನು? ಸುಮ್ಕಿರು. ನಾ ಹೋಗಿ ಮನೆತನ ನೋಡಿ ಬರ್ತೀನಿ."

ಹೋದ. ಹೆಣ್ಣು ಕೊಡುವವರು ವರನ ಮನೆ ನೋಡಲು ಹೋಗುವ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಗುಂಡಗುರ್ತಿಗೆ ಹೋದ. ಅಂಗಳ ಗುಡಿಸಿತ್ತು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಉದಯನ ತಾಯಿ ಸುಂದರಮ್ಮ ಬಿಸಿ ರೊಟ್ಟಿ ಬಡಿಸಿದಳು. ಭೀಮಶ್ಯಾ ಮನೆ ಕೊಳ್ಳುವ ಮಾತನ್ನು ಮಾತ್ರ ಎತ್ತಲಿಲ್ಲ. ಓಣಿಯಲ್ಲಿ ವಿಚಾರಿಸಿದರೆ, ಗಂಡ ಹೆಂಡತಿ ಇಬ್ಬರೂ ಇನ್ನೊಬ್ಬರ ಹೊಲದ ಕಾಳು ಮುಟ್ಟಿದವರಲ್ಲ ಎಂದರು. ಅದು ಸುಳ್ಳೂ ಅಲ್ಲ. ಭೀಮಶ್ಯಾ ಹೊಟ್ಟೆ ಸವರಿಕೊಳ್ಳುತ್ತ ಹೊರಗೆ ಬಂದು, ಬೀದಿಯಲ್ಲಿ ನಿಂತೇ ಮಗಳಿಗೆ ಫೋನು ಮಾಡಿ ಹೂಂ ಅಂದ. ಕೊಳ್ಳುವ ಮನೆ ದುಬೈಯಲ್ಲಿ, ಮಹರಾಯ ತನಿಖೆ ಮಾಡಿದ ಮನೆ ಗುಂಡಗುರ್ತಿಯಲ್ಲಿ! ವಾಡಿಯಲ್ಲಿದ್ದ ತನ್ನ ಪ್ಲಾಟು ಮಾರಿದ ಹಣವೂ ಕರುಣಾ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದೂ ಒಟ್ಟಿಗೆ ಉದಯನ ಕೈಸೇರಿತು.

ಇವತ್ತು ಬೆಳಿಗ್ಗೆ ಕರುಣಾ ಫೋನು ಮಾಡಿದಳು. ಮೊದಲು ಬರೀ ಅಳು.

"ಅಪ್ಪಾ, ಕೀಲಿ ಕೊಡ್ತೀನಂದವ ಫೋನೇ ಎತ್ತವಲ್ಲ, ಅದಕ್ಕ ನಿನ್ನೆ ಕಚೇರಿಗೆ ಹೋಗಿ ನೋಡಸ್ದೆ. ಆ ಮನಿ ಅವನ ಹೆಸರಿನ್ಯಾಗ ಎಂದೂ ಇರಲಿಲ್ಲ. ಅವ ಅಲ್ಲಿ ಬಾಡಿಗಿಗಿದ್ದನಂತ. ಈಗ ದೇಶಾನೇ ಬಿಟ್ಟು ಹೋಗ್ಯಾನ. ನಾ ಅವತ್ತೇ ಹೇಳಿದ್ನಲ್ಲಪ್ಪಾ..."

ಮಗಳು ಬೈದಿದ್ದರೂ ಭೀಮಶ್ಯಾ ತಡೆದುಕೊಳ್ಳುತ್ತಿದ್ದನೇನೋ. ಆ 'ಅಪ್ಪಾ' ಅವನನ್ನು ಕೊಂದಿತು.

ಗುಂಡಗುರ್ತಿಯ ಕಡೆ ಸಿಕ್ಕ ಬಸ್ಸು ಹತ್ತಿದ. ಉಳಿದಿರುವುದು ಅದೊಂದೇ ದಾರಿ: ಉದಯನ ತಂದೆ ತಾಯಿಯ ಕೊರಳಪಟ್ಟಿ ಹಿಡಿಯಬೇಕು, ಹೊಲ ಮಾರಿಸಿಯಾದರೂ ಮಗಳ ದುಡ್ಡು ವಾಪಸು ತರಬೇಕು. ದಂಡೋತಿಯ ಸೇತುವೆ ದಾಟುವಾಗ ಆಡಬೇಕಾದ ಬೈಗುಳವನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡ. ಕೆಳಗೆ ಕಾಗಿಣಾ ಹೊಳೆ ಕಂಡಾಗ ಬರಬಾರದ ಯೋಚನೆಯೊಂದು ಬಂತು, ಅದನ್ನು ಕಷ್ಟಪಟ್ಟು ಅತ್ತ ದಬ್ಬಿದ.

"ಬರ್ರಿ ಅಣ್ಣಾ, ಕುಂದ್ರಿ" ಎಂದು ಸುಂದರಮ್ಮ ಓಡಿಬಂದಳು. "ನಮ್ಮ ಉದಯನ ಸುದ್ದಿ ಏನರೆ ಗೊತ್ತದೇನ್ರಿ? ವಾರಾತು, ಫೋನೇ ಹತ್ತವಲ್ದು. ಅವರಪ್ಪ ಊಟಾನೇ ಮಾಡವಲ್ರು."

ಭೀಮಶ್ಯಾ ಬಾಯಿ ತೆರೆದ. ಅಷ್ಟರಲ್ಲಿ ಗೋಡೆ ಕಣ್ಣಿಗೆ ಬಿತ್ತು. ಬುದ್ಧನ ಪಕ್ಕದಲ್ಲಿ ಹೊಸದೊಂದು ಫೋಟೊ, ಕಟ್ಟು ಹಾಕಿಸಿ ಹೂ ಏರಿಸಿದ್ದು. ನೀಲಿ ಗಾಜಿನ ಬಾಲ್ಕನಿ, ಕೆಳಗೆ ಖರ್ಜೂರದ ಗಿಡ. ಕೊಳ್ಳುವ ಮುಂಚೆ ಕರುಣಾ ಫೋನಿನಲ್ಲಿ ಕಳಿಸಿದ್ದ ಫೋಟೊದ ಅದೇ ಮನೆ.

"ಅದು... ಯಾರ ಮನಿ?"

"ನಮ್ಮ ಉದಯಂದು! ಹೊಲ ಮಾರಿ ರೊಕ್ಕ ಕಳಿಸೀವ್ರಿ. ನಿಮ್ಮ ಮಗಳೂ ಅದೇ ಬಿಲ್ಡಿಂಗಿನ್ಯಾಗ ಇನ್ನೊಂದು ತಗೊಂಡಾಳಂತಲ್ಲ, ಉದಯನೇ ಹೇಳಿದ. ನಮ್ಮ ಮನಿಯವರು ಮೊದಲು ಒಪ್ಪಿರಲಿಲ್ಲ. ದೂರ ದೇಶ, ಕಾಗದ ನೋಡಬೇಕು, ತಿಳಿದವರನ್ನ ಕೇಳಬೇಕು ಅಂತಿದ್ರು." ಸುಂದರಮ್ಮ ಸಂಕೋಚದಿಂದ ಸೆರಗು ಎಳೆದುಕೊಂಡಳು. "ಆಮ್ಯಾಲ ನೀವು ಬಂದು ಹೋದ್ರಿ. ವಾಡಿ ಭೀಮಶ್ಯಾನೇ ತಗೊಂಡಾನಂದ್ರ ಇನ್ನ ನೋಡೂದೇನದ ಅಂತ ಮರುವಾರನೇ ಹೊಲದ್ದು ಸಹಿ ಮಾಡಿಕೊಟ್ರು."

ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ. ಕಿಸೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು, ಕರುಣಾಳದ್ದು. ಏನಾದರೂ ಸಿಕ್ಕಿತೇ ಎಂದು ಕೇಳಲು ಮಾಡಿರಬೇಕು. ಅವನು ಎತ್ತಲಿಲ್ಲ.

"ಚಾ ಇಡ್ತೀನಿ, ಕುಂದ್ರಿ ಅಣ್ಣಾ."

"ಚಾ ಬ್ಯಾಡ ತಂಗೀ," ಎಂದ ಭೀಮಶ್ಯಾ. "ಯಜಮಾನರನ್ನ ಕರಿ. ನೀನೂ ಇಲ್ಲಿ ಬಂದು ಕುಂದ್ರವ್ವ."